ಮುಚ್ಚಿದ ಆನ್‌ಲೈನ್ ಆಟವೊಂದರ ಏಳುಬೀಳನ್ನು ಓದುವ ಬಗೆ: ಕಾರ್ಟ್‌ರೈಡರ್ ನಿದರ್ಶನ

ಆನ್‌ಲೈನ್ ಆಟವೊಂದು ನಿಂತುಹೋದಾಗ ಅದರ ಬಗ್ಗೆ ಹೆಚ್ಚಾಗಿ ಕೇಳಿಬರುವ ವಿವರಣೆ ಒಂದೇ: ಆಟ ಹಳೆಯದಾಯಿತು, ಜನ ಬಿಟ್ಟರು, ಕಂಪನಿ ಬಾಗಿಲು ಹಾಕಿತು. ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ 2004ರಲ್ಲಿ ಆರಂಭಿಸಿ 2023ರ ಮಾರ್ಚ್ 31ರಂದು ಕೊರಿಯಾದಲ್ಲಿ ನಿಲ್ಲಿಸಿದ, ಪುಟ್ಟ ರೇಸ್ ಗಾಡಿಗಳನ್ನು ಓಡಿಸುವ 'ಕ್ರೇಜಿರೇಸಿಂಗ್ ಕಾರ್ಟ್‌ರೈಡರ್' ಆಟದ ಚರಿತ್ರೆಯನ್ನು ನೋಡಿದವರಿಗೆ ಈ ವಿವರಣೆ ಎಷ್ಟು ಸಾಲದೆಂಬುದು ತಿಳಿಯುತ್ತದೆ. ಆಟಗಳ ಬಗ್ಗೆ ಬರೆಯಬೇಕೆಂದಿರುವವರು, ಆಟ ತಯಾರಿಕೆಯಲ್ಲಿ ತೊಡಗಿರುವವರು, ಅಥವಾ ತಾವು ದಿನವೂ ಆಡುವ ಆಟದ ಗತಿ ಏನಾಗಬಹುದೆಂದು ಅರಿಯಬಯಸುವವರು ಇಂಥ ಚರಿತ್ರೆಯನ್ನು ಎಲ್ಲಿಂದ ಹಿಡಿದು ಹೇಗೆ ಓದಬೇಕು ಎಂಬುದನ್ನು ಈ ಒಂದು ಆಟವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಾರ್ಟ್‌ರೈಡರ್ ಬೆಳೆದದ್ದು ಆಟಗಾರರ ಬೆರಳುಗಳಲ್ಲಿ ಕೂತ ಕೌಶಲದಿಂದ, ನಿಂತದ್ದು ಆ ಕೌಶಲವನ್ನು ಸುಲಭವಾಗಿ ಬೇರೆ ಆಟಕ್ಕೆ ಸಾಗಿಸಬಹುದೆಂಬ ತಪ್ಪು ಎಣಿಕೆಯಿಂದ.

ಮೊದಲು ನಿಂತ ಬಗೆಯನ್ನು ಗುರುತಿಸಿ

ಆಟಗಳು ನಿಲ್ಲುವುದು ಒಂದೇ ಬಗೆಯಲ್ಲಿ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ಭಾರತದಲ್ಲಿ ನಿಷೇಧಕ್ಕೆ ಒಳಗಾದದ್ದು ಸರ್ಕಾರದ ಆದೇಶದಿಂದ. ಆಗ ಆಟಕ್ಕಾಗಲಿ ಆಟಗಾರರ ಉತ್ಸಾಹಕ್ಕಾಗಲಿ ಕುಂದು ಬಂದಿರಲಿಲ್ಲ, ಆದ್ದರಿಂದಲೇ ಮರುವರ್ಷ ಬೇರೆ ಹೆಸರಿನಲ್ಲಿ ಅದು ಮರಳಿದಾಗ ಜನ ಕೂಡಲೇ ಸೇರಿಕೊಂಡರು. ಕೆಲವು ಆಟಗಳಲ್ಲಿ ಆಡುವವರೇ ಇಲ್ಲವಾಗಿ ಸರ್ವರ್ ನಡೆಸುವ ಖರ್ಚೂ ಹುಟ್ಟುವುದಿಲ್ಲ. ಮೂರನೆಯದು, ಆಡುವವರು ಇನ್ನೂ ಇರುವಾಗಲೇ ಕಂಪನಿ ತನ್ನ ಲೆಕ್ಕಾಚಾರದ ಮೇಲೆ ನಿಲ್ಲಿಸುವುದು. ಕಾರ್ಟ್‌ರೈಡರ್ ಈ ಮೂರನೆಯ ಬಗೆಗೆ ಸೇರುತ್ತದೆ. ಯಾವ ಬಗೆ ಎಂಬುದು ಇತ್ಯರ್ಥವಾಗದೆ ಕಾರಣಗಳನ್ನು ಹುಡುಕಲು ಹೊರಟರೆ ಸಿಕ್ಕಿದ್ದೆಲ್ಲವೂ ಕಾರಣವಾಗಿ ಕಾಣತೊಡಗುತ್ತದೆ.

ವಯಸ್ಸಾಯಿತೆಂಬ ವಾದವನ್ನು ಪರೀಕ್ಷಿಸಲು ಅದೇ ಕಂಪನಿಯ ಇತರ ಆಟಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ನೆಕ್ಸಾನ್ 1996ರಲ್ಲಿ ತಂದ 'ದಿ ಕಿಂಗ್‌ಡಮ್ ಆಫ್ ದಿ ವಿಂಡ್ಸ್' ಮತ್ತು 2003ರ 'ಮೇಪಲ್‌ಸ್ಟೋರಿ' ಎರಡೂ ಕಾರ್ಟ್‌ರೈಡರ್‌ಗಿಂತ ಹಿರಿಯವು, ಕಾರ್ಟ್‌ರೈಡರ್ ನಿಂತಮೇಲೂ ಅವು ನಡೆದವು. ಒಂದೇ ಮನೆಯಲ್ಲಿ ಅಣ್ಣಂದಿರು ಗಟ್ಟಿಯಾಗಿರುವಾಗ ತಮ್ಮನಿಗೆ ಮುಪ್ಪು ಬಂತೆನ್ನುವುದು ಒಪ್ಪುವ ಮಾತಲ್ಲ.

ಬೆರಳುಗಳಿಂದ ಆರಂಭಿಸಿ

ಆಟದ ಏಳಿಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಬಳಕೆದಾರರ ಸಂಖ್ಯೆಯಿಂದ ಶುರುಮಾಡುತ್ತಾರೆ. ನನ್ನ ಸಲಹೆ ಬೇರೆ: ಆಡುವವರ ಕೈ ಏನು ಮಾಡುತ್ತಿತ್ತು ಎಂಬಲ್ಲಿಂದ ಆರಂಭಿಸಬೇಕು. ಸಾಧ್ಯವಿದ್ದರೆ ಆಟವನ್ನೇ ಆಡಿ, ಇಲ್ಲವಾದರೆ ಕೀಬೋರ್ಡ್ ಮೇಲಿನ ಕೈಯನ್ನೂ ಪರದೆಯನ್ನೂ ಒಟ್ಟಿಗೆ ತೋರಿಸುವ ವಿಡಿಯೊಗಳನ್ನು ವೇಗ ತಗ್ಗಿಸಿ ನೋಡಿ.

ಕಾರ್ಟ್‌ರೈಡರ್‌ನಲ್ಲಿ ಓಡಿಸಲು ಬೇಕಾದದ್ದು ನಾಲ್ಕು ಬಾಣದ ಕೀಲಿಗಳು, ಡ್ರಿಫ್ಟ್ ಮಾಡಲು ಶಿಫ್ಟ್, ಗಾಡಿಗೆ ಒಮ್ಮೆಲೇ ಹೆಚ್ಚು ವೇಗ ಕೊಡುವ ಬೂಸ್ಟರ್ ಬಿಡಲು ಕಂಟ್ರೋಲ್. ಒಂದು ಓಟದಲ್ಲಿ ಹೆಚ್ಚೆಂದರೆ ಎಂಟು ಮಂದಿ, ಓಟದ ಅವಧಿ ಎರಡು ಮೂರು ನಿಮಿಷ. ಇಷ್ಟನ್ನು ಯಾವ ಮಗುವಾದರೂ ಕೂತ ಗಳಿಗೆಯಲ್ಲೇ ಕಲಿಯಬಹುದು. ಆದರೆ ತಿರುವಿನಲ್ಲಿ ಶಿಫ್ಟ್ ಒತ್ತಿ ಗಾಡಿಯನ್ನು ಅಡ್ಡ ಜಾರಿಸಿದಾಗ ಪರದೆಯ ಮೇಲಿನ ಗೇಜ್ ತುಂಬತೊಡಗುತ್ತದೆ, ಪೂರ್ತಿ ತುಂಬಿದಾಗ ಒಂದು ಬೂಸ್ಟರ್ ಕೈಗೆ ಬರುತ್ತದೆ. ಹೆಚ್ಚು ಜಾರಿಸಿದರೆ ಗೇಜ್ ಬೇಗ ತುಂಬುತ್ತದೆ, ಆದರೆ ಅಷ್ಟೇ ವೇಗ ಕಳೆದುಹೋಗುತ್ತದೆ. ಡ್ರಿಫ್ಟ್ ಮುಗಿಯುವ ಕ್ಷಣದಲ್ಲಿ ಮುಂದಕ್ಕೆ ಓಡಿಸುವ ಬಾಣವನ್ನು ಸರಿಯಾಗಿ ಒತ್ತಿದವನಿಗೆ ಮಾತ್ರ ಚಿಕ್ಕದೊಂದು ತಳ್ಳು ಸಿಗುತ್ತದೆ, ಇದನ್ನು ಕೊರಿಯಾದ ಆಟಗಾರರು ಕ್ಷಣದ ಬೂಸ್ಟರ್ ಎನ್ನುತ್ತಿದ್ದರು. ಆ ಒತ್ತು ತುಸು ಹಿಂದೆಮುಂದಾದರೂ ಏನೂ ಸಿಗುವುದಿಲ್ಲ. ಜಾರುತ್ತಿರುವ ಗಾಡಿಯ ಮೂತಿಯನ್ನು ಎದುರು ದಿಕ್ಕಿನ ಬಾಣದಿಂದ ನೆಟ್ಟಗೆ ಮಾಡುವುದು, ಒಂದೇ ತಿರುವಿನಲ್ಲಿ ಡ್ರಿಫ್ಟನ್ನು ಎರಡಾಗಿ ಮುರಿಯುವುದು, ಪಕ್ಕದವನ ಗಾಡಿಗೆ ಮೈ ತಾಗಿಸಿ ಅವನ ಓಟದ ಹಾದಿ ಕೆಡಿಸುವುದು, ಹೀಗೆ ಒಂದರ ಮೇಲೊಂದು ಕಲಿಕೆಗಳು ತೆರೆದುಕೊಳ್ಳುತ್ತಾ ಹೋಗುತ್ತವೆ. ಕಲಿಕೆಯನ್ನು ಆಟವೇ ಲೈಸೆನ್ಸ್ ಪರೀಕ್ಷೆಗಳ ಮೂಲಕ ಅಳೆಯುತ್ತಿತ್ತು: ರೂಕಿ, ಎಲ್3, ಎಲ್2, ಎಲ್1 ಎಂಬ ಮೆಟ್ಟಿಲುಗಳಿದ್ದವು, ತನ್ನ ಮಟ್ಟದವರ ಜೊತೆ ಓಡುವ ಅವಕಾಶ ಆ ಮೆಟ್ಟಿಲಿಗೆ ತಕ್ಕಂತೆ ಸಿಗುತ್ತಿತ್ತು.

ವೇಗದ ಓಟ ಬೇಡವೆನ್ನುವವರಿಗೆ ಐಟಂ ಓಟವಿತ್ತು. ಅಲ್ಲಿ ಬಾಳೆಹಣ್ಣಿನ ಸಿಪ್ಪೆ, ನೀರಿನ ಬಾಂಬು, ಕ್ಷಿಪಣಿ, ಮುಂದಿನವನನ್ನು ಹಿಡಿದು ಎಳೆಯುವ ಅಯಸ್ಕಾಂತ, ಇವುಗಳ ಬಲದಿಂದ ಹಿಂದುಳಿದವನೂ ಗೆಲ್ಲಬಹುದಿತ್ತು. ಪಾತ್ರಗಳಾದ ಡಾವೊ, ಬಾಜಿ ಮುಂತಾದವರು ನೆಕ್ಸಾನ್‌ನದೇ ಹಿಂದಿನ ನೀರಿನ ಬಾಂಬಿನ ಆಟದಿಂದ ಬಂದವರು, ಹಾಗಾಗಿ ಮಕ್ಕಳಿಗೆ ಮೊದಲ ದಿನದಿಂದಲೇ ಪರಿಚಿತರು. ಒಂದೇ ಮನೆಯ ಹತ್ತು ವರ್ಷದ ಮಗುವೂ ಅದರ ತಂದೆಯೂ ಒಂದೇ ಓಟದಲ್ಲಿ ಕೂರಬಹುದಾದ ಬಾಗಿಲು ಇದು, ಎಲ್1 ಆಟಗಾರ ವರ್ಷಗಟ್ಟಲೆ ಉಳಿಯಬಹುದಾದ ಮಾಳಿಗೆ ಆ ವೇಗದ ಓಟ. ಎರಡೂ ಒಂದೇ ಆಟದಲ್ಲಿ ಸೇರಿದ್ದುದನ್ನು ಬರೆಯದೆ ಈ ಆಟದ ಏಳಿಗೆಯನ್ನು ವಿವರಿಸಲಾಗದು.

ಜಾಗ, ಹಣ ಮತ್ತು ಅಂಕಿಗಳು

ಆಟ ಎಲ್ಲಿ ಕೂತು ಆಡುವಂಥದು ಎಂಬುದು ಮುಂದಿನ ಪ್ರಶ್ನೆ. ಕೊರಿಯಾದಲ್ಲಿ ಅದಕ್ಕೆ ಉತ್ತರ ಪಿಸಿ ಬಾಂಗ್, ಅಂದರೆ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಸಿಗುವ ಅಂಗಡಿಗಳು. 1990ರ ದಶಕದ ಕೊನೆಯಿಂದ ಅಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧತಂತ್ರದ ಆಟ ಆಳುತ್ತಿತ್ತು. ಕಾರ್ಟ್‌ರೈಡರ್ ಬಂದ ಕೆಲವೇ ತಿಂಗಳಲ್ಲಿ ಆ ಅಂಗಡಿಗಳ ಆಟಪಟ್ಟಿಯಲ್ಲಿ ಸ್ಟಾರ್‌ಕ್ರಾಫ್ಟನ್ನೇ ಹಿಂದಿಕ್ಕಿತು. ಶಾಲೆ ಬಿಟ್ಟು ಬಂದ ಗೆಳೆಯರ ಗುಂಪು ಸಾಲಾಗಿ ಕೂತು ಓಡಿಸಲು ಇದಕ್ಕಿಂತ ಹೊಂದುವ ಆಟ ಬೇರೆ ಇರಲಿಲ್ಲ. ಆಟಕ್ಕೆ ಪ್ರವೇಶ ಶುಲ್ಕವಿರಲಿಲ್ಲ, ಗಾಡಿಗಳು ಮತ್ತು ಅಲಂಕಾರದ ವಸ್ತುಗಳ ಮಾರಾಟವೇ ಆದಾಯ. ಆಟವನ್ನು ಪುಕ್ಕಟೆ ಕೊಟ್ಟು ಒಳಗಿನ ವಸ್ತುಗಳನ್ನು ಮಾರುವ ಈ ಪದ್ಧತಿ ಇಂದು ಜಗತ್ತಿನ ಎಲ್ಲ ಫೋನುಗಳಲ್ಲಿದೆ, ನೆಕ್ಸಾನ್ ಅದರ ಮೊದಲಿಗರಲ್ಲೊಂದು.

ಅಂಕಿಗಳನ್ನು ಓದುವಾಗ ಎಚ್ಚರಿಕೆ ಬೇಕು. ದಕ್ಷಿಣ ಕೊರಿಯಾದ ನಾಲ್ವರಲ್ಲಿ ಒಬ್ಬರು ಕಾರ್ಟ್‌ರೈಡರ್ ಆಡಿದ್ದಾರೆ ಎಂದು ಆ ಕಾಲದ ಪತ್ರಿಕೆಗಳು ಬರೆದವು. ಅದು ಒಮ್ಮೆಯಾದರೂ ಆಡಿದವರ ಲೆಕ್ಕ, ಒಂದು ನಿರ್ದಿಷ್ಟ ಸಂಜೆ ಎಷ್ಟು ಜನ ಆಡುತ್ತಿದ್ದರೆಂಬುದನ್ನು ಅದು ಹೇಳುವುದಿಲ್ಲ. ಇನ್ನೊಂದು ಬಗೆಯದು ಪಿಸಿ ಬಾಂಗ್‌ಗಳ ಪಾಲು. ಗೇಮ್‌ಟ್ರಿಕ್ಸ್‌ನಂಥ ಸಂಸ್ಥೆಗಳು ಯಾವ ಆಟಕ್ಕೆ ಎಷ್ಟು ಗಂಟೆ ಸಂದಿತೆಂದು ಶೇಕಡಾವಾರು ಪ್ರಕಟಿಸುತ್ತವೆ. ಇದು ಗಂಟೆಗಳ ಲೆಕ್ಕವಾದ್ದರಿಂದ ಎರಡು ನಿಮಿಷದ ಓಟಗಳ ಆಟಕ್ಕೆ ಅಷ್ಟೇನೂ ಅನುಕೂಲವಲ್ಲ. 2011ರ ಡಿಸೆಂಬರ್‌ನಲ್ಲಿ ಕೊರಿಯಾಕ್ಕೆ ಬಂದ ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಒಂದು ಪಂದ್ಯವೇ ಅರ್ಧ ಗಂಟೆ ಹಿಡಿಯುತ್ತದೆ, ಅದು ಪಟ್ಟಿಯ ತಲೆಯಲ್ಲಿ ಕೂತ ನಂತರ ಉಳಿದೆಲ್ಲ ಆಟಗಳ ಪಾಲೂ ಕುಗ್ಗಿ ಕಾಣುತ್ತದೆ. ಪಟ್ಟಿಯಲ್ಲಿ ಇಳಿದದ್ದನ್ನೆಲ್ಲ ಅವನತಿ ಎಂದು ಬರೆಯುವ ಮೊದಲು, ಇಳಿದದ್ದು ಈ ಆಟವೋ ಏರಿದ್ದು ಇನ್ನೊಂದೋ ಎಂದು ಕೇಳಿಕೊಳ್ಳಬೇಕು.

ಹೊರದೇಶಗಳ ಕಥೆಯನ್ನು ಪ್ರತ್ಯೇಕವಾಗಿಯೇ ಬರೆದಿಟ್ಟುಕೊಳ್ಳಿ. ಚೀನಾ ಮತ್ತು ತೈವಾನ್‌ಗಳಲ್ಲಿ ಆಟ ಚೆನ್ನಾಗಿ ಬೇರೂರಿತು. ಅಮೆರಿಕದಲ್ಲಿ 2007ರಲ್ಲಿ ಪ್ರಯೋಗಾರ್ಥವಾಗಿ ತೆರೆದು ಮರುವರ್ಷವೇ ಮುಚ್ಚಿದರು. ಪಿಸಿ ಬಾಂಗ್‌ಗಳಿಲ್ಲದ, ನಿಂಟೆಂಡೊ ಯಂತ್ರದ ಮುಂದೆ ಕೂತು ಕಾರ್ಟ್ ಓಡಿಸುವ ರೂಢಿಯಿದ್ದ ನೆಲದಲ್ಲಿ ಅದಕ್ಕೆ ಜಾಗ ಸಿಗಲಿಲ್ಲವೆಂದು ನನ್ನ ತರ್ಕ.

ಲೀಗನ್ನು ನೋಡುವ ಕ್ರಮ

ಒಂದು ಆಟದ ಆರೋಗ್ಯವನ್ನು ಅದರ ಪಂದ್ಯಾವಳಿ ತೋರಿಸುವಷ್ಟು ಬೇರಾವುದೂ ತೋರಿಸದು. ಕಾರ್ಟ್‌ರೈಡರ್ ಲೀಗ್ 2005ರಲ್ಲಿ ಕೋಕಾ-ಕೋಲಾ ಪ್ರಾಯೋಜಕತ್ವದಲ್ಲಿ ಶುರುವಾಗಿ, ನಡುನಡುವೆ ಬಿಡುವು ಕಂಡರೂ 2022ರವರೆಗೆ ನಡೆಯಿತು. ಕೊನೆಯ ವರ್ಷಗಳಲ್ಲಿ ಶಿನ್‌ಹಾನ್ ಬ್ಯಾಂಕ್ ಪ್ರಾಯೋಜಕನಾಗಿತ್ತು. 2013ರ ಕೊನೆಯಲ್ಲಿ ನೆಕ್ಸಾನ್ ಸೋಲ್‌ನಲ್ಲಿ ತನ್ನದೇ ಕ್ರೀಡಾಂಗಣವನ್ನು ತೆರೆದಾಗ ಲೀಗಿಗೊಂದು ಖಾಯಂ ನೆಲೆ ದೊರೆಯಿತು, 2020ರಲ್ಲಿ ಅದು ಮುಚ್ಚಿತು.

ಲೀಗಿನಲ್ಲಿ ಗಮನಿಸಬೇಕಾದದ್ದು ಗೆದ್ದವರ ಪಟ್ಟಿಗಿಂತ ಅವರು ಎಷ್ಟು ಕಾಲ ಉಳಿದರು ಎಂಬುದು. 1997ರಲ್ಲಿ ಹುಟ್ಟಿದ ಮುನ್ ಹೊ-ಜುನ್ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ 2006ರಲ್ಲಿ ಲೀಗಿಗೆ ಬಂದು, ಅತಿ ಹೆಚ್ಚು ಪ್ರಶಸ್ತಿ ಗೆದ್ದ ಆಟಗಾರನೆನಿಸಿ, ಹದಿನಾಲ್ಕು ವರ್ಷಗಳಿಗೂ ಮಿಕ್ಕಿ ಅದೇ ಆಟದಲ್ಲಿ ಬೆಳೆದು, ಆಮೇಲೆ ತಂಡವೊಂದನ್ನು ನಡೆಸುವವನಾದ. ಯು ಯಂಗ್-ಹ್ಯಕ್, ಜನ್ ಡೆ-ಉಂಗ್ ಮುಂತಾದ ಅವನ ಎದುರಾಳಿಗಳೂ ಜೊತೆಜೊತೆಗೇ ದೊಡ್ಡವರಾದರು. ಪ್ರೇಕ್ಷಕರು ಇವರನ್ನು ಮಕ್ಕಳಾಗಿದ್ದಾಗಿನಿಂದ ನೋಡಿದ್ದರು. ಇಂಥ ನಂಟು ಜಾಹೀರಾತಿನಿಂದ ಹುಟ್ಟುವುದಲ್ಲ, ಒಂದೇ ಆಟ ಒಂದೇ ನಿಯಮಗಳಲ್ಲಿ ದೀರ್ಘಕಾಲ ನಡೆದರೆ ಮಾತ್ರ ಹುಟ್ಟುತ್ತದೆ. ಇದು ಕಂಪನಿಯ ಲೆಕ್ಕಪುಸ್ತಕದಲ್ಲಿ ಕಾಣದ ಆಸ್ತಿ ಎಂದು ನಾನು ಬಲವಾಗಿ ನಂಬುತ್ತೇನೆ.

ಇಳಿತದ ಗುರುತುಗಳು

ಗಾಡಿಗಳನ್ನು ಮಾರಿ ಬದುಕುವ ಆಟ ಹೊಸ ಗಾಡಿಗಳನ್ನು ತರುತ್ತಲೇ ಇರಬೇಕಾಗುತ್ತದೆ, ಮತ್ತು ಹೊಸದು ಹಳೆಯದಕ್ಕಿಂತ ವೇಗವಾಗಿರದಿದ್ದರೆ ಯಾರೂ ಕೊಳ್ಳುವುದಿಲ್ಲ. ಸಾಲಿಡ್, ಕಾಟನ್, ಮ್ಯಾರಥಾನ್, ಬರ್ಸ್ಟ್, ಸೇಬರ್ ಎಂಬ ಅವೇ ಗಾಡಿಗಳು ಎಸ್‌ಆರ್, ಝಡ್7, ಎಚ್‌ಟಿ, ಎಕ್ಸ್, ವಿ1 ಎಂದು ಎಂಜಿನ್ ಬದಲಿಸಿಕೊಂಡು ಮತ್ತೆ ಮತ್ತೆ ಬಂದವು. ನೀವು ಅಭ್ಯಾಸ ಮಾಡುವ ಆಟ ಯಾವುದೇ ಇರಲಿ, ಈ ತಲೆಮಾರುಗಳನ್ನು ವರ್ಷದ ಎದುರು ಬರೆದುಕೊಳ್ಳಿ, ಪ್ರತಿ ತಲೆಮಾರಿನಲ್ಲೂ ಒಂದೇ ಟ್ರ್ಯಾಕಿನ ಅತ್ಯುತ್ತಮ ಸಮಯ ಎಷ್ಟು ಕಡಿಮೆಯಾಯಿತೆಂದು ಪಕ್ಕದಲ್ಲಿ ನಮೂದಿಸಿ. ಕುಶಲತೆಯಿಂದ ಗಳಿಸಿದ ವ್ಯತ್ಯಾಸಕ್ಕಿಂತ ಗಾಡಿಯಿಂದ ಬಂದ ವ್ಯತ್ಯಾಸ ದೊಡ್ಡದಾದ ವರ್ಷವೇ ಹೊಸಬರು ಬೇಸತ್ತು ಹೋಗತೊಡಗುವ ವರ್ಷ. ಅನುಭವಿಗಳಿಗೂ ಇದರಿಂದ ತೊಂದರೆಯಿದೆ: ವೇಗ ಹೆಚ್ಚಿದಂತೆಲ್ಲ ಹಳೆಯ ಟ್ರ್ಯಾಕುಗಳು ಇಕ್ಕಟ್ಟಾಗುತ್ತವೆ, ತಿರುವಿಗೆ ಮುಂಚೆ ಯೋಚಿಸಲು ಇದ್ದ ಸಮಯ ಇಲ್ಲವಾಗುತ್ತದೆ.

ಆದರೆ ಇಳಿತವನ್ನು ನೇರ ಗೆರೆಯಾಗಿ ಚಿತ್ರಿಸುವ ಆತುರ ಬೇಡ. 2018ರ ಕೊನೆಯಿಂದ 2019ರವರೆಗೆ ಕಾರ್ಟ್‌ರೈಡರ್ ಎಲ್ಲರ ನಿರೀಕ್ಷೆಯನ್ನೂ ಮೀರಿ ಮತ್ತೆ ಮೇಲೆದ್ದಿತು. ಆಟಗಾರರ ನೇರಪ್ರಸಾರಗಳು, ಮುನ್ ಹೊ-ಜುನ್ ಯೂಟ್ಯೂಬ್‌ಗೆ ಬಂದದ್ದು, ಚಿಕ್ಕಂದಿನಲ್ಲಿ ಆಡಿದವರು ಉದ್ಯೋಗಸ್ಥರಾಗಿ ಮರಳಿದ್ದು, ಇವೆಲ್ಲ ಕೂಡಿ ಪಿಸಿ ಬಾಂಗ್ ಪಟ್ಟಿಯಲ್ಲಿ ಅದನ್ನು ಮತ್ತೆ ಮೇಲಿನ ಸಾಲಿಗೆ ತಂದವು, ಲೀಗಿನ ಅಂತಿಮ ಪಂದ್ಯಗಳ ಟಿಕೆಟುಗಳು ಬೇಗಬೇಗ ಮಾರಾಟವಾದವು. ಹದಿನೈದು ವರ್ಷದ ಆಟವೊಂದು ಹೀಗೆ ಏಳಬಲ್ಲದೆಂದರೆ ಅದರ ಒಳಗಟ್ಟು ಗಟ್ಟಿಯಾಗಿತ್ತೆಂದೇ ಅರ್ಥ. 2020ರ ಮೇ ತಿಂಗಳಲ್ಲಿ ಬಂದ ಮೊಬೈಲ್ ಆವೃತ್ತಿ 'ಕಾರ್ಟ್‌ರೈಡರ್ ರಷ್ ಪ್ಲಸ್' ಈ ಅಲೆಯ ಮೇಲೆಯೇ ತೇಲಿತು.

ನಿರ್ಧಾರದ ಗಳಿಗೆಯನ್ನು ಬಿಡಿಸಿ ನೋಡಿ

ಕಂಪನಿ ನಿಲ್ಲಿಸಿದ ಆಟವನ್ನು ಅಭ್ಯಾಸ ಮಾಡುವಾಗ ಅತಿ ಹೆಚ್ಚು ಸಮಯವನ್ನು ಇಲ್ಲಿ ಕಳೆಯಬೇಕು. ಮೂರು ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ: ಉತ್ತರಾಧಿಕಾರಿ ಆಟ ಘೋಷಣೆಯಾದದ್ದು, ಅದು ಆರಂಭವಾದದ್ದು, ಹಳೆಯ ಆಟ ನಿಂತದ್ದು. ಕಾರ್ಟ್‌ರೈಡರ್‌ನಲ್ಲಿ ಅವು ಹೀಗಿವೆ: 'ಕಾರ್ಟ್‌ರೈಡರ್: ಡ್ರಿಫ್ಟ್' ಘೋಷಣೆಯಾದದ್ದು 2019ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ, ಎಕ್ಸ್‌ಬಾಕ್ಸ್ ಸಮಾರಂಭದ ವೇದಿಕೆಯಲ್ಲಿ. ಅದರ ಪೂರ್ವಭಾವಿ ಸೀಸನ್ ತೆರೆದದ್ದು 2023ರ ಜನವರಿ 12ರಂದು. ಹಳೆಯದು ನಿಂತದ್ದು ಅದೇ ವರ್ಷದ ಮಾರ್ಚ್ 31ರಂದು. ಹೊಸ ಆಟ ತನ್ನ ಕಾಲ ಮೇಲೆ ನಿಲ್ಲುತ್ತದೆಯೋ ಇಲ್ಲವೋ ತಿಳಿಯಲು ಮೂರು ತಿಂಗಳೂ ಇರಲಿಲ್ಲ. ಅಷ್ಟೇ ಅಲ್ಲ, ಮುಚ್ಚುವ ತೀರ್ಮಾನ 2022ರ ಡಿಸೆಂಬರ್‌ನಲ್ಲಿ, ಹೊಸದು ತೆರೆಯುವ ಮೊದಲೇ ಹೊರಬಿದ್ದಿತ್ತು. ಆಟಗಾರರು ಪಾಂಗ್ಯೊದಲ್ಲಿರುವ ಕಂಪನಿಯ ಕಚೇರಿಯ ಮುಂದೆ ಫಲಕ ಹೊತ್ತ ಟ್ರಕ್ ಓಡಿಸಿ ಪ್ರತಿಭಟಿಸಿದರು. ಆಟದ ನಿರ್ದೇಶಕ ಚೊ ಜೆ-ಯುನ್ 2023ರ ಜನವರಿ 5ರಂದು ನೇರಪ್ರಸಾರದಲ್ಲಿ ಆಟಗಾರರ ಮುಂದೆ ಕೂತು ಕಾರಣಗಳನ್ನು ವಿವರಿಸಿದರು, ಖರೀದಿಗಳಿಗೆ ಹಣ ಹಿಂದಿರುಗಿಸುವ ಏರ್ಪಾಡೂ ಆಯಿತು. ಮುಚ್ಚುವ ವಿಚಾರವನ್ನು ಹೀಗೆ ಎದುರು ಕೂತು ಹೇಳಿದ್ದು ಮೆಚ್ಚತಕ್ಕದ್ದು ಎಂಬುದನ್ನೂ ದಾಖಲಿಸಲೇಬೇಕು.

ಎಣಿಕೆ ಎಲ್ಲಿ ತಪ್ಪಿತು? ಡ್ರಿಫ್ಟ್ ಆಟ ಅನ್‌ರಿಯಲ್ ಎಂಜಿನ್ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಹೊಸದಾಗಿ ಕಟ್ಟಿದ್ದು, ಪಿಸಿ, ಕನ್ಸೋಲ್ ಮತ್ತು ಫೋನ್ ಮೂರರಲ್ಲೂ ಒಟ್ಟಿಗೆ ಆಡಬಹುದಾದದ್ದು. ದುಡ್ಡಿದ್ದವರೇ ಗೆಲ್ಲುವ ವ್ಯವಸ್ಥೆಯಾಗಲಿ ಲಾಟರಿಯಂಥ ಮಾರಾಟವಾಗಲಿ ಇರದೆಂದು ಅದು ಮಾತು ಕೊಟ್ಟಿತ್ತು. ಉದ್ದೇಶ ಒಳ್ಳೆಯದೇ, ಇನ್ನಷ್ಟು ವೇಗದ ಗಾಡಿಗಳನ್ನು ಮಾರುತ್ತಲೇ ಹೋದದ್ದರಿಂದ ಬಂದ ಹಳೆಯ ಕಾಯಿಲೆಗೆ ಅದು ನೇರವಾದ ಮದ್ದೂ ಹೌದು. ಆದರೆ ಹೊಸದಾಗಿ ಕಟ್ಟಿದ ಭೌತಿಕ ನಿಯಮಗಳಲ್ಲಿ ಡ್ರಿಫ್ಟಿನ ಹದ ಬದಲಾಯಿತು, ಗಾಡಿಗೆ ಗಾಡಿ ತಾಗಿದಾಗಿನ ಅನುಭವ ಬದಲಾಯಿತು. ಸ್ವರದ ಮನೆಗಳ ಅಳತೆ ಬೇರೆಯಾದ ಹಾರ್ಮೋನಿಯಂ ಮುಂದೆ ಕೂತ ಅನುಭವಿ ವಾದಕನಿಗೆ ಆಗುವುದು ಹಳೆಯ ಆಟಗಾರರಿಗೂ ಆಯಿತು. ಟ್ರ್ಯಾಕುಗಳು ಸಾಲವೆಂಬ, ಆಡುವ ಬಗೆಗಳು ಸಾಲವೆಂಬ ದೂರುಗಳೂ ಸೇರಿದವು. ವರ್ಷಗಳ ಕಾಲ ತುಂಬಿದ ಉಗ್ರಾಣವನ್ನು ಬಿಟ್ಟು ಬಂದವರಿಗೆ ಖಾಲಿ ಕಪಾಟು ಎದ್ದು ಕಾಣುವುದು ಸಹಜ. ಹಿಂದಿರುಗೋಣವೆಂದರೆ ಹಿಂದಿನದು ಇರಲಿಲ್ಲ. 2024ರ ಕೊನೆಯಲ್ಲಿ ಕಂಪನಿ ಡ್ರಿಫ್ಟ್ ಆಟವನ್ನು ಕೊರಿಯಾ ಮತ್ತು ತೈವಾನ್‌ಗೆ ಸೀಮಿತಗೊಳಿಸುವ ತೀರ್ಮಾನ ಪ್ರಕಟಿಸಿತು, 2025ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಅಲ್ಲಿಗೆ ಎರಡು ವರ್ಷ ಒಂಬತ್ತು ತಿಂಗಳು.

ಸಂಗ್ರಹಿಸಬೇಕಾದವು

ನೀವು ಆಡುತ್ತಿರುವ ಆಟದ ಉತ್ತರಾಧಿಕಾರಿ ಘೋಷಣೆಯಾದ ದಿನವೇ ಸಂಗ್ರಹ ಶುರುಮಾಡಿ, ಮುಚ್ಚುವ ಪ್ರಕಟಣೆಗಾಗಿ ಕಾಯಬೇಡಿ. ಇಡೀ ಆಟ ಸರ್ವರಿನ ಮೇಲೆ ನಿಂತಿರುವಾಗ ನಿಮ್ಮ ಕಂಪ್ಯೂಟರಿನಲ್ಲಿ ಉಳಿಯುವ ಕಡತಗಳಿಂದ ಒಂದು ಓಟವನ್ನೂ ಓಡಿಸಲಾಗದು. ಪ್ರತಿ ಟ್ರ್ಯಾಕನ್ನು ಒಬ್ಬರೇ ನಿಧಾನವಾಗಿ ಓಡಿಸುತ್ತಾ ಧ್ವನಿ ಸಮೇತ ರೆಕಾರ್ಡ್ ಮಾಡಿ, ಅದೇ ಟ್ರ್ಯಾಕನ್ನು ಪೂರ್ಣ ವೇಗದಲ್ಲಿ ಇನ್ನೊಮ್ಮೆ, ಕೀಬೋರ್ಡ್ ಮೇಲಿನ ಕೈ ಕಾಣುವಂತೆ ಮಾಡಿ. ಗಾಡಿಗಳ ಅಂಕಿಅಂಶದ ಪುಟಗಳು, ಪ್ರತಿ ಅಪ್‌ಡೇಟ್‌ನ ಪ್ರಕಟಣೆಗಳು, ಅಂಗಡಿಯ ಬೆಲೆಪಟ್ಟಿ, ಇವು ಯಾರೂ ಉಳಿಸದ ಆದರೆ ಮುಂದೆ ಎಲ್ಲರೂ ಹುಡುಕುವ ಸಾಮಗ್ರಿ. ತಾವು ಕಂಡುಹಿಡಿದ ತಂತ್ರಗಳಿಗೆ ಆಟಗಾರರು ಇಟ್ಟ ಹೆಸರುಗಳನ್ನು ಅವರ ಮಾತಿನಲ್ಲೇ ಬರೆದಿಡಿ. ಖರೀದಿಯ ರಸೀದಿಗಳನ್ನು ಜೋಪಾನ ಮಾಡಿ, ಹಣ ಹಿಂದಿರುಗಿಸಲು ಕಂಪನಿ ಕೊಡುವ ಗಡುವು ಮೀರಿದರೆ ಏನೂ ಮಾಡಲಾಗದು.

ಡ್ರಿಫ್ಟ್ ನಿಲ್ಲುವ ಸುದ್ದಿಯ ಜೊತೆಗೇ ನೆಕ್ಸಾನ್ ಹಳೆಯ ಆಟವನ್ನು 'ಕಾರ್ಟ್‌ರೈಡರ್ ಕ್ಲಾಸಿಕ್' ಎಂಬ ಹೆಸರಿನಲ್ಲಿ ಮತ್ತೆ ತರುವ ಯೋಜನೆಯನ್ನು ತಿಳಿಸಿತು. ಅದರ ಜಾಹೀರಾತು ನೋಡಿ ಮರಳುವ ಮುನ್ನ ಪರೀಕ್ಷಿಸಬೇಕಾದವು ಇವು: ಕ್ಷಣದ ಬೂಸ್ಟರ್ ಸಿಗುವ ಕಾಲಾವಕಾಶ ಹಳೆಯ ವಿಡಿಯೊಗಳಲ್ಲಿ ಇರುವಷ್ಟೇ ಇದೆಯೇ, ಎದುರು ಬಾಣ ಒತ್ತಿದಾಗ ಗಾಡಿಯ ಮೂತಿ ಅಷ್ಟೇ ಬೇಗ ನೆಟ್ಟಗಾಗುತ್ತದೆಯೇ, ಗಾಡಿಗಳ ವೇಗದ ಏರಿಕೆಯನ್ನು ಯಾವ ತಲೆಮಾರಿನ ಎಂಜಿನ್ನಿನಲ್ಲಿ ನಿಲ್ಲಿಸಿದ್ದಾರೆ, ಮತ್ತು ಎಲ್1 ಪರೀಕ್ಷೆ ಹಳೆಯ ಕೈಗಳಿಗೆ ಮೊದಲ ಪ್ರಯತ್ನಗಳಲ್ಲೇ ಒಲಿಯುತ್ತದೆಯೇ.